ಅಗಲಿದವರ ನೆನಹು

ಮನೆಯ ಹಿರಿಯರು ಲಿಂಗೈಕ್ಯರಾದಾಗ ಅವರ ಹೆಸರಿನಲ್ಲಿ ಶಾಲೆಯ ಗೋಡೆಗೆ ಅಮೃತಶಿಲೆಯ ಫಲಕವೊಂದನ್ನು ಹಾಕಿಸುವ ರೂಢಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳಿಗೆ ಹೊಸದಲ್ಲ. ದಾನವೇನೋ ದೊಡ್ಡದೇ. ಆದರೆ ಹೆಸರು, ತಾರೀಖುಗಳನ್ನಷ್ಟೇ ಓದಿದ ಬಾಲಕನಿಗೆ ಆ ಹಿರಿಯರು ಹೇಗೆ ಬಾಳಿದರೆಂಬುದು ತಿಳಿಯದು. ನಾಡಿನ ವೀರಗಲ್ಲುಗಳು ಇಷ್ಟು ಮೌನವಾಗಿರಲಿಲ್ಲ: ತುರುಗಳನ್ನು ಕಾಯಲು ಮಡಿದವನ ಕಾಳಗವನ್ನು ಕೆಳಪಟ್ಟಿಕೆಯಲ್ಲಿಯೇ ಕೆತ್ತಿ, ಅವನು ಮಾಡಿದ್ದೇನೆಂಬುದನ್ನು ಅಕ್ಷರ ಬಾರದವನಿಗೂ ಅವು ತಿಳಿಸುತ್ತಿದ್ದವು.

ಸ್ಮಾರಕವು ಅಗಲಿದವರ ಬಾಳಿನ ಬಣ್ಣವನ್ನೇ ಹೊತ್ತಿರಬೇಕು. ನ್ಯಾಮತಿಯ ಕಡೆ ಸೋಬಾನೆ ಹಾಡುತ್ತಿದ್ದ ಅಜ್ಜಿಯೊಬ್ಬರಿಗೆ, ಮೊಮ್ಮಕ್ಕಳು ಅವರ ಹಾಡುಗಳನ್ನು ಬರೆದು ಶಾಲೆಯ ಪುಸ್ತಕಭಂಡಾರಕ್ಕೆ ಒಪ್ಪಿಸಿದ ವಹಿಯೇ ಸಾಕು. ಮಳೆ ಕಡಿಮೆಯಾದ ಜಗಳೂರಿನಲ್ಲಿ ತಂದೆಯ ಹೆಸರಿನಲ್ಲಿ ನೆಟ್ಟ ಹುಣಿಸೆಯ ಸಸಿ ಮೂರು ಬೇಸಿಗೆ ಮಗನಿಂದ ನೀರು ಬೇಡುತ್ತದೆ. ಆ ಕೊಡ ಹೊರುವುದೇ ಸ್ಮರಣೆ. 2025ರಲ್ಲಿ ಅಗಲಿದ ತಿಮ್ಮಕ್ಕನವರು ಪತಿಯೊಡನೆ ಹುಲಿಕಲ್-ಕುದೂರು ದಾರಿಯಲ್ಲಿ ಬೆಳೆಸಿದ 385 ಆಲದ ಮರಗಳು ಅವರಿಗೆ ‘ಸಾಲುಮರದ’ ಎಂಬ ಹೆಸರನ್ನೇ ಕೊಟ್ಟವು.

ದತ್ತಿನಿಧಿಯನ್ನಿಡುವವರೂ ಅದರ ಬಡ್ಡಿಯನ್ನೆಲ್ಲ ಹೆಚ್ಚು ಅಂಕ ಪಡೆದವರಿಗೇ ಮೀಸಲಿಡಬೇಕೇಕೆ? ಬಡಗಿಯ ಹೆಸರಿನ ಬಹುಮಾನ ಕೈಕೆಲಸದಲ್ಲಿ ಚತುರನಾದ ಹುಡುಗನಿಗೆ ಸಲ್ಲಲಿ. ಅಂದು ಮನೆಯವರೊಬ್ಬರು ಆ ಹಿರಿಯರನ್ನು ಕುರಿತು ನಾಲ್ಕು ಮಾತು ಹೇಳಲಿ. ಹಾರತುರಾಯಿಗಳಿಗೆ ಅರ್ಧ ಗಂಟೆ ಕೊಡುವ ಸಮಾರಂಭಗಳಲ್ಲಿ ಇದಕ್ಕೆ ಐದು ನಿಮಿಷ ದೊರೆಯದಿರುವುದು ಸೋಜಿಗವೇ ಸರಿ.