ವಚನ ಒಂದು, ಬಾಯಿ ಎರಡು

ಅಕ್ಕತಂಗೇರಾ, ಈ ಸಲ ಹಪ್ಪಳ ಸಂಡಿಗಿ ಮಾತು ಬ್ಯಾಡ. ಸಿಟ್ಟು ಬಂದೈತಿ, ಅದನ್ನ ಬರೀತೀನಿ.

ಹೋದ ವಾರ ತುರ್ವಿಹಾಳದ ನಮ್ಮ ಮನಿ ಪಡಸಾಲಿಯಾಗ ಮೈದುನನ ಮಗಳ ಮದುವಿ ಮಾತು ನಡೀತು. ಹುಡುಗ ಬ್ಯಾರೆ ಜಾತಿಯಾವ. ಇಬ್ರೂ ಸಿಂಧನೂರಿನ ಕಾಲೇಜಿನ್ಯಾಗ ಓದಿದೋರು. ನಮ್ಮ ಭಾವನೋರು ಬಸವ ಜಯಂತಿ ಬಂದ್ರ ಊರಿಗೇ ಮುಂದ ನಿಂತು ವಚನ ಹೇಳೋರು. "ಭವಿ ಸಂಗ ಬ್ಯಾಡ ಅಂತ ಶರಣರೇ ಹೇಳ್ಯಾರ. ಲಿಂಗ ಇಲ್ಲದ ಮನಿಗೆ ಹೆಣ್ಣು ಕೊಡಂಗಿಲ್ಲ" ಅಂತ ಒಂದೇ ಏಟಿಗೆ ಮುಗಿಸಿದ್ರು.

ನನ್ನ ಮಗ ಬಿಡ್ಲಿಲ್ಲ. "ದೊಡ್ಡಪ್ಪ, ಕಲ್ಯಾಣದಾಗ ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನ ಕೊಡ್ಲಿಲ್ಲೇನು?"

"ಅವರಿಬ್ರೂ ಲಿಂಗ ಕಟ್ಟಿಗೊಂಡೋರು. ಅಲ್ಲಿ ಜಾತಿ ಎಲ್ಲಿ ಬಂತು?"

"ಹಂಗಾರ ಈ ಹುಡುಗನಿಗೂ ಲಿಂಗದೀಕ್ಷಾ ಕೊಡಿಸೋಣ್ರಿ" ಅಂದೆ ನಾನು.

ಭಾವನೋರು ಮಾತಾಡ್ಲಿಲ್ಲ. ಕೈಯಾಗಿನ ಚಾ ಆರಿತು.

ಗೊತ್ತಾತಲ್ಲ? ಲಿಂಗದ ಮಾತಲ್ಲ ಅದು. ತೀರ್ಮಾನ ಮೊದ್ಲೇ ಆಗಿರತೈತಿ, ವಚನ ಆಮ್ಯಾಲ ಹುಡುಕ್ತಾರ. ಸೀರಿ ತಗೊಂಡ ಮ್ಯಾಲ ಕುಬಸದ ಖಣ ಹುಡುಕಿದಂಗ. ನನ್ನ ಮಗಂದೂ ಪೂರ್ತಿ ಸಾಚಾ ಅಲ್ಲ ಬಿಡ್ರಿ. ಶರಣರು ಭವಿ, ಭಕ್ತ ಅಂತ ಗೆರಿ ಎಳೆದದ್ದು ಖರೆ, ಅದನ್ನ ಅಂವ ಬಾಯಿ ಬಿಡ್ಲಿಲ್ಲ.

ಇದು ನಮ್ಮ ಮನಿ ರೋಗ ಅಷ್ಟೇ ಅಲ್ಲ. ಬಂಗಾಳದಾಗ ಈಶ್ವರಚಂದ್ರ ವಿದ್ಯಾಸಾಗರರು ವಿಧವಾ ವಿವಾಹಕ್ಕ ಪರಾಶರ ಸ್ಮೃತಿ ತೆಗೆದು ತೋರ್ಸಿದ್ರ, ಎದುರಿನ ಪಂಡಿತರು ಅದೇ ಶ್ಲೋಕಕ್ಕ ಬ್ಯಾರೆ ಅರ್ಥ ಹಚ್ಚಿದ್ರು. 1856ರಾಗ ಕಾಯ್ದೆ ಆತು, ಅವರ ಜಗಳ ಮುಗೀಲಿಲ್ಲ. ಗಂಡ ಸತ್ತ ಎಳೇ ಹುಡುಗೇರನ್ನ ಕರದು "ನಿನಗೇನು ಬೇಕವಾ" ಅಂತ ಎಷ್ಟು ಮಂದಿ ಕೇಳಿದ್ರೋ!

ಇನ್ನ ನನ್ನ ಮಾತು. ಮುಚ್ಚಿಟ್ರ ನಾನೂ ಭಾವನೋರಂಗ ಆಗ್ತೀನಿ. ಆರು ವರ್ಷದ ಹಿಂದ ನನ್ನ ಸ್ವಂತ ಮಗಳ ವ್ಯಾಳ್ಯಾದಾಗ ಇದೇ 'ಭವಿ' ಮಾತು ನಾನೇ ಆಡಿದ್ದೆ. ವಚನ ಅಡ್ಡ ಹಿಡದು ಆಕಿ ಬಾಯಿ ಮುಚ್ಚಿಸಿದೆ. ಖರೇ ಹೇಳಬೇಕಂದ್ರ ಬಸವಣ್ಣ ನನ್ನ ನೆನಪಿನ್ಯಾಗೂ ಇರಲಿಲ್ಲ, ಓಣಿ ಮಂದಿ ಏನಂದಾರು ಅನ್ನೋ ಅಂಜಿಕಿ ಇತ್ತು. ನಾವು ನೋಡಿದ ಮನಿಗೇ ಕೊಟ್ವಿ. ಈಗ ಫೋನ್ ಮಾಡಿದ್ರ "ಆರಾಮ ಅದೀ ಏನವಾ" ಅಂತ ಕೇಳಿ ಇಟ್ಟುಬಿಡ್ತಾಳ.

ಅದಕ್ಕ ಭಾವನೋರು "ನನಗ ಮನಸಿಲ್ಲ, ಊರಿಗೆ ಅಂಜತೀನಿ" ಅಂತ ನೇರ ಅನ್ನಲಿ. ಅದಕ್ಕ ಕುಂತು ಮಾತಾಡಾಕ ಬರತೈತಿ.

ಅವತ್ತು ಪಡಸಾಲಿಯಾಗ ಇಷ್ಟೆಲ್ಲ ನಡದಾಗ ಆ ಹುಡುಗಿ ಒಳಗ ರೊಟ್ಟಿ ಬಡಿಯಾಕತ್ತಿದ್ಲು. ಸೋಮವಾರ ಮತ್ತ ಎಲ್ಲಾರೂ ಕುಂದ್ರತಾರ. ರೊಟ್ಟಿ ನಾನು ಬಡೀತೀನಿ, ಆಕಿನ್ನ ಪಡಸಾಲಿಗೆ ಕಳಸ್ತೀನಿ.