ಅಡ್ವಾನ್ಸ್ ಯಾರ ಗಂಟು?

ನಾರಾವಿ ಪೇಟೆಯಲ್ಲಿ ಕಾರ್ಕಳದ ಬಸ್ಸಿಗೋ ಗುರುವಾಯನಕೆರೆಯ ಬಸ್ಸಿಗೋ ಕಾದು ನಿಂತವರ ಮಾತಿಗೆ ಒಮ್ಮೆ ಕಿವಿ ಕೊಡಿ. ಮಳೆ, ಅಡಿಕೆ ರೇಟು ಮುಗಿದ ಮೇಲೆ ಯಾರಾದರೊಬ್ಬರು ಇದನ್ನು ಎತ್ತದೆ ಇರುವುದಿಲ್ಲ: "ರೂಮು ಬಿಟ್ಟು ಮೂರು ತಿಂಗಳಾಯಿತು ಮಾರಾಯ್ರೆ, ಅಡ್ವಾನ್ಸ್ ಇನ್ನೂ ಕೈಗೆ ಬಂದಿಲ್ಲ."

ಕಟ್ಟಡದ ಧಣಿಗಳ ಉತ್ತರವೂ ಎಲ್ಲರಿಗೆ ಬಾಯಿಪಾಠ. "ಹೊಸಬರು ಬರಲಿ, ಅವರ ಅಡ್ವಾನ್ಸ್ ಸಿಕ್ಕಿದ ಕೂಡಲೇ ಕೊಡುವ." ಇಲ್ಲವಾದರೆ, "ಸುಣ್ಣ ಬಣ್ಣಕ್ಕೇ ಎಲ್ಲಾ ಖರ್ಚಾಯಿತು."

ಇದು ಯಾವ ನ್ಯಾಯ ಸ್ವಾಮಿ? ಅಡ್ವಾನ್ಸ್ ಎಂದರೆ ದಾನವಲ್ಲ, ಬಾಡಿಗೆಯೂ ಅಲ್ಲ. ಭದ್ರತೆಗೆಂದು ಧಣಿಗಳ ಬಳಿ ಇಟ್ಟ ಬಾಡಿಗೆದಾರನ ಗಂಟು. ಬಾಡಿಗೆ ಬಾಕಿ, ಕರೆಂಟ್ ಬಿಲ್ಲು, ಒಡೆದು ಹಾಕಿದ್ದರ ಖರ್ಚು ಇದ್ದರೆ ಮುರಿದುಕೊಳ್ಳಲಿ, ಬೇಡವೆಂದವರಾರು? ಆದರೆ ಲೆಕ್ಕ ತೋರಿಸಿ ಮುರಿಯಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು, ಮಾಮೂಲು ಬಳಕೆಯ ಸವೆತ ಬಾಡಿಗೆದಾರನ ತಲೆಗೆ ಬರುವುದಿಲ್ಲ ಎನ್ನುತ್ತದೆ. ನಮ್ಮ ಆಟಿಯ ಮಳೆಗೆ ಗೋಡೆ ಕಪ್ಪಾಗುತ್ತದೆ, ಶಟರ್ ತುಕ್ಕು ಹಿಡಿಯುತ್ತದೆ. ಅದಕ್ಕೆ ಬಾಡಿಗೆದಾರ ದಂಡ ತೆರಬೇಕೆ?

"ಬಾಡಿಗೆ ಕಾಯ್ದೆ ಉಂಟಲ್ಲ" ಎಂದು ಕೆಲವರ ಧೈರ್ಯ. ಕರ್ನಾಟಕದ 1999ರ ಬಾಡಿಗೆ ಕಾಯ್ದೆ ಪಟ್ಟಣಗಳನ್ನು ಕಣ್ಣಲ್ಲಿಟ್ಟು ಮಾಡಿದ್ದು. ಗ್ರಾಮ ಪಂಚಾಯತಿನ ಪೇಟೆಯವರು ಅದನ್ನೇ ನಂಬಿ ಕೂರುವಂತಿಲ್ಲ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಕಾಯ್ದೆಯಲ್ಲಿ ಮನೆಗೆ 2 ತಿಂಗಳ, ಅಂಗಡಿಗೆ 6 ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೂಡದೆಂದಿದೆ. ಆದರೆ ಅದು ಮಾದರಿ ಮಾತ್ರ. ರಾಜ್ಯ ತನ್ನದಾಗಿ ಮಾಡಿಕೊಳ್ಳದೆ ನಡೆಯುವುದಿಲ್ಲ.

ಹಾಗಾದರೆ ನಮಗೆ ಉಳಿದದ್ದು ಕಾಗದ ಒಂದೇ. 1974ರ ಭೂಸುಧಾರಣೆಯ ಕಾಲವನ್ನು ಹಿರಿಯರು ನೆನೆಯಲಿ. ಡಿಕ್ಲರೇಷನ್ ಕೊಟ್ಟು ಭೂನ್ಯಾಯ ಮಂಡಳಿಯ ಎದುರು ನಿಂತಾಗ ಗೇಣಿ ಚೀಟಿ ಇದ್ದವನಿಗೆ ದಾರಿ ಸಲೀಸು. ಇಲ್ಲದವನು ಸಾಕ್ಷಿ ಹುಡುಕಿ ಅಲೆಯಬೇಕು. ಅಂಗಡಿ ಬಾಡಿಗೆದಾರನಿಗೆ ಅಂಥ ಮಂಡಳಿಯೂ ಇಲ್ಲ. ಆದರೂ "ನಮ್ಮ ಧಣಿಗಳಲ್ಲವಾ, ರಶೀದಿ ಕೇಳುವುದು ಹೇಗೆ?" ಎಂಬ ದಾಕ್ಷಿಣ್ಯ! ಅಡ್ವಾನ್ಸ್ ಕೈಯಲ್ಲಿ ಕೊಟ್ಟರೆ ರಶೀದಿ ಬರೆಸಿ. ಬ್ಯಾಂಕಿನಲ್ಲೋ ಫೋನಿನಲ್ಲೋ ಕಳಿಸಿದರೆ ಇನ್ನೂ ಲೇಸು. 11 ತಿಂಗಳ ಕರಾರು ಮಾಡಿದರೆ ಅಡ್ವಾನ್ಸ್ ಎಷ್ಟು, ಬಿಟ್ಟ ಎಷ್ಟು ದಿನದೊಳಗೆ ವಾಪಸು, ಸುಣ್ಣ ಬಣ್ಣ ಯಾರದು ಎಂಬುದು ಅದರಲ್ಲೇ ಇರಲಿ. ಹೋಗುವಾಗ ಕರಾರಿನಲ್ಲಿದ್ದಂತೆ ನೋಟೀಸು ಕೊಡಿ. ಕರಾರು ಏನೂ ಹೇಳದೆ ತಿಂಗಳ ಬಾಡಿಗೆ ಲೆಕ್ಕವಾದರೆ 15 ದಿನದ ನೋಟೀಸು ಕಾನೂನಿನಲ್ಲೇ ಉಂಟು. ಕೀಲಿಕೈ ಒಪ್ಪಿಸುವ ದಿನ ಇಬ್ಬರೂ ಕೂತು ಲೆಕ್ಕ ಮುಗಿಸಿ ರುಜು ಹಾಕಿ.

ಆಮೇಲೂ ಕೊಡದಿದ್ದರೆ? ಮೊದಲು ಸ್ಪೀಡ್ ಪೋಸ್ಟಿನಲ್ಲಿ ನೋಟೀಸು. ನಂತರ ಬೆಳ್ತಂಗಡಿಯ ತಾಲೂಕು ಕಾನೂನು ಸೇವಾ ಸಮಿತಿ. ದಾವೆ ಹೂಡುವ ಮೊದಲೇ ವ್ಯಾಜ್ಯವನ್ನು ಲೋಕ ಅದಾಲತಿಗೆ ಒಯ್ಯಬಹುದು, ಕೋರ್ಟು ಫೀಸಿಲ್ಲ. ಅಲ್ಲಿ ಆದ ರಾಜಿಗೆ ಡಿಕ್ರಿಯ ಬೆಲೆ. ಹೆಂಗಸರಿಗೆ, ಪರಿಶಿಷ್ಟರಿಗೆ ಆದಾಯ ಕೇಳದೆ ಉಚಿತ ವಕೀಲರ ನೆರವು. ಆದರೆ "ನಾಳೆ ಕೊಡುವ" ಎಂಬ ಮಾತು ನಂಬಿ 3 ವರ್ಷ ಕಳೆದರೆ ದಾವೆಯ ಅವಧಿಯೇ ಮುಗಿದೀತು, ಜೋಕೆ.

ಧಣಿಗಳಿಗೂ ಒಂದು ಮಾತು. ಕಟ್ಟಡಕ್ಕೆ ಸಾಲ ಮಾಡಿದ ಕಷ್ಟ ನಮಗೆ ಗೊತ್ತು, ಬಾಡಿಗೆ ನುಂಗಿ ಓಡಿದವರ ಕತೆಯೂ ಗೊತ್ತು. ಆ ರಶೀದಿ, ಆ ಕರಾರು ನಿಮ್ಮನ್ನೂ ಕಾಯುತ್ತದೆ. ಆದರೆ ಹೊಸಬನ ದುಡ್ಡಿನಿಂದ ಹಳಬನ ಬಾಕಿ ತೀರಿಸುವ ಲೆಕ್ಕ ಬಿಡಿ. ಅವನು ಮುಂದಿನ ಅಂಗಡಿಗೆ ಕಟ್ಟಬೇಕಾದ ಅಡ್ವಾನ್ಸ್ ನಿಮ್ಮ ಪೆಟ್ಟಿಗೆಯಲ್ಲಿ ಕೂತಿದೆ.