ಹದಿನೈದು ದಿನದ ಬಿಡಾರ

ಕಳೆದ ಜೂನ್ ತಿಂಗಳಲ್ಲಿ ಕಚೇರಿಯ ಕಾರ್ಯನಿಮಿತ್ತ ನಾವು ಟೋಕಿಯೋ ನಗರದಲ್ಲಿ 15 ದಿನ ಬಿಡಾರ ಮಾಡಬೇಕಾಯಿತು. ಅಲ್ಲಿಯ ಗಡಿಯಾರವು ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದು. ಆ ತಿಂಗಳಲ್ಲಿ ನಾಲ್ಕೂವರೆಗೆಲ್ಲ ಸೂರ್ಯೋದಯ. ದೇಹವು ಇನ್ನೂ ನಡುರಾತ್ರಿಯೆಂದು ವಾದಿಸುತ್ತಿರುವಾಗಲೇ ಕಿಟಕಿಯಲ್ಲಿ ಬಿಸಿಲು! ನಿದ್ರೆಯೇನೋ ನಾಲ್ಕು ದಿನಗಳಲ್ಲಿ ಹೊಂದಿಕೊಂಡಿತು. ಊಟದ ಸಮಾಚಾರವೇ ಬೇರೆ.

ನಾವು ಶಾಕಾಹಾರಿಗಳು. ಬಿಡಾರದ ಬಳಿಯ ಅಂಗಡಿಯೊಂದರಲ್ಲಿ 'ಉದೋನ್' ಎಂಬ ಗೋದಿಯ ದಪ್ಪ ಶಾವಿಗೆಯನ್ನು ತಿಳಿಸಾರಿನಲ್ಲಿ ಹಾಕಿ ಕೊಡುತ್ತಿದ್ದರು. ಮೇಲೆ ಈರುಳ್ಳಿಯ ಸೊಪ್ಪು; ಮಾಂಸವಿಲ್ಲ, ಮೊಟ್ಟೆಯಿಲ್ಲ. ನಾಲ್ಕು ದಿನ ಸಂತೋಷದಿಂದ ಉಂಡೆವು. ಐದನೆಯ ದಿನ ಜೊತೆಗಾರರೊಬ್ಬರು, ಆ ಸಾರಿಗೆ 'ದಾಶಿ'ಯೇ ಮೂಲವೆಂದೂ, ಒಣಗಿಸಿ ಹೊಗೆಯೂಡಿದ ಮೀನಿನ ತೆಳುಹೆರೆಗಳಿಂದ ಆ ರಸವನ್ನು ತೆಗೆಯುವರೆಂದೂ ತಿಳಿಸಿದರು. ಅಂಗಡಿಯವರ ಮೇಲೆ ತಪ್ಪು ಹೊರಿಸಲಾರೆವು. ನಮಗೆ ಬೇಳೆಯ ಕಟ್ಟು ಹೇಗೋ ಅವರಿಗೆ ಅದು ಹಾಗೆ, ಬಾಯಿಬಿಟ್ಟು ಹೇಳುವ ವಸ್ತುವೇ ಅಲ್ಲ. ಕೇಳದೆ ಉಂಡವರು ನಾವು.

ಅಂದಿನಿಂದ ಬಿಡಾರದಲ್ಲೇ ಅಡಿಗೆ. ಊರಿನಿಂದ ಒಯ್ದಿದ್ದ ಅನ್ನದ ವಿದ್ಯುತ್ ಪಾತ್ರೆ 230 ವೋಲ್ಟಿನದು. ಅಲ್ಲಿಯ ವಿದ್ಯುತ್ತು 100 ವೋಲ್ಟು. ಗಂಟೆ ಕಳೆದರೂ ನೀರು ಉಗುರುಬೆಚ್ಚಗೆ! ಪ್ರಯಾಣ ಹೊರಡುವವರು ಇದನ್ನು ಮೊದಲೇ ವಿಚಾರಿಸುವುದು ಲೇಸು. ಅಲ್ಲಿಯದೇ ಪಾತ್ರೆಯನ್ನು ಕೊಂಡೆವು. ಅಲ್ಲಿಯ ಅಕ್ಕಿ ಗಿಡ್ಡ, ಅಂಟು. ಚಿತ್ರಾನ್ನಕ್ಕೆ ಒದಗದು, ಮೊಸರನ್ನಕ್ಕೆ ಬಹು ಯೋಗ್ಯ.

ಮೀನಿನ ಸಂಗತಿಯನ್ನು ಮುಚ್ಚಿಡಲಾರದೆ ತಾಯಿಯವರಿಗೆ ಫೋನಿನಲ್ಲಿ ಅರಿಕೆಮಾಡಿಕೊಂಡೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲಿ ಮೊಸರು ಸಿಗುತ್ತದೆಯೇನಪ್ಪ?” ಎಂದರು.